‘ಮನೆದೇವರು ಯಾವುದು?’: ಟು-ಲೆಟ್ ಬೋರ್ಡಿನ ಸಂದರ್ಶನ

ಡಿಗ್ರಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಚರ್ಚೆ: ಬೆಂಗಳೂರೋ, ಹೈದರಾಬಾದೋ, ಪುಣೆಯೋ? ಸೋದರಮಾವ ಪುಣೆ ಎನ್ನುತ್ತಾರೆ, ಏಕೆಂದರೆ ಅವರ ಮಗ ಅಲ್ಲಿದ್ದಾನೆ. ಚಿಕ್ಕಪ್ಪ ಪುಣೆ ಮಾತ್ರ ಬೇಡ ಎನ್ನುತ್ತಾರೆ, ಕಾರಣವೂ ಅದೇ. ಯಾರ ಪರವೂ ಅಲ್ಲದ ಅಭಿಪ್ರಾಯ ಬೇಕೆಂದು ದಾವಣಗೆರೆಯ ಹೊಸ ಪದವೀಧರನೊಬ್ಬನನ್ನು ಬೆಂಗಳೂರಿನ ಬಿಟಿಎಂ ಬಡಾವಣೆಗೆ ಕಳಿಸಿದೆವು. ಅಲ್ಲಿ ಗೇಟೊಂದಕ್ಕೆ ತಂತಿಯಲ್ಲಿ ಕಟ್ಟಿದ ‘ಟು-ಲೆಟ್’ ಬೋರ್ಡು ಮಾತಿಗೆ ಸಿಕ್ಕಿತು. ಸಂದರ್ಶಿಸಲು ಹೋದವನು ಯಾರು, ಸಂದರ್ಶನಕ್ಕೆ ಸಿಕ್ಕಿಬಿದ್ದವನು ಯಾರು ಎಂಬುದನ್ನು ಓದುಗರೇ ತೀರ್ಮಾನಿಸಬೇಕು.

ಪದವೀಧರ: ನಮಸ್ಕಾರ. ಒಂದೆರಡು ಪ್ರಶ್ನೆ ಕೇಳಬಹುದಾ?

ಬೋರ್ಡು: ಮೊದಲು ನಾನು ಕೇಳುತ್ತೇನೆ. ಯಾವ ಕಡೆಯವರು?

ಪದವೀಧರ: ದಾವಣಗೆರೆ.

ಬೋರ್ಡು: ಅದು ಊರಾಯಿತು. ನಿಮ್ಮ ಮನೆದೇವರು ಯಾವುದು?

ಪದವೀಧರ: ಬಾಡಿಗೆಗೂ ಮನೆದೇವರಿಗೂ ಏನು ಸಂಬಂಧ?

ಬೋರ್ಡು: ಜಾತಿ ಕೇಳುವುದು ತಪ್ಪು ಅಂತ ನಮ್ಮ ಓನರ್‌ಗೆ ಗೊತ್ತು, ಓದಿದವರು. ಅದಕ್ಕೇ ದೇವರನ್ನು ಕೇಳುತ್ತಾರೆ. ಮೊಟ್ಟೆ ತಿನ್ನುತ್ತೀರಾ?

ಪದವೀಧರ: ಆಗಾಗ.

ಬೋರ್ಡು: ಆ ‘ಆಗಾಗ’ ಹೊರಗೇ ಆಗಲಿ. ಮದುವೆ?

ಪದವೀಧರ: ಈಗ ತಾನೇ ಬಿ.ಕಾಂ. ಮುಗಿಸಿದ್ದೇನೆ.

ಬೋರ್ಡು: ಹಾಗಾದರೆ ನನ್ನ ಕೆಳಗಿನ ಸಾಲು ಓದಿ: ‘ಫ್ಯಾಮಿಲಿಗೆ ಮಾತ್ರ’.

ಪದವೀಧರ: ಸ್ವಾಮಿ, ನಾನು ಊರು ಆರಿಸಲು ಬಂದವನು. ನೀವು ನನ್ನನ್ನೇ ಜರಡಿ ಹಿಡಿಯುತ್ತಿದ್ದೀರಿ!

ಬೋರ್ಡು: ಊರನ್ನು ಆರಿಸಿಕೊಂಡೆ ಅನ್ನುವವರನ್ನೆಲ್ಲ ಈ ಗೇಟಿನಲ್ಲಿ ನೋಡಿದ್ದೇನೆ. ಅರ್ಧ ಜನ ಮೊದಲ ಆಫರ್ ಲೆಟರ್ ಎಲ್ಲಿಂದ ಬಂತೋ ಅಲ್ಲಿಗೆ ಬಂದವರು. ಉಳಿದರ್ಧ ಜನ, ಗೆಳೆಯನ ರೂಮಿನಲ್ಲಿ ಒಂದು ಚಾಪೆ ಹಾಸಲು ಜಾಗ ಇದ್ದ ಊರಿಗೆ ಬಂದವರು.

ಪದವೀಧರ: ನನಗೂ ಆಫರ್ ಬಂದಿದೆ. ವರ್ಷಕ್ಕೆ 3.6 ಲಕ್ಷ!

ಬೋರ್ಡು: ಅದು ಸಿಟಿಸಿ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಅದರೊಳಗೇ ಸೇರಿರುತ್ತದೆ. ಕೈಗೆ ತಿಂಗಳಿಗೆ ಸುಮಾರು 25,000 ಬಂದೀತು. ಈ ಮನೆಯ ಬಾಡಿಗೆ 15,000. ಐದು ತಿಂಗಳ ಅಡ್ವಾನ್ಸ್ ಅಂದರೆ 75,000, ನಿಮ್ಮ ಮೂರು ತಿಂಗಳ ಸಂಬಳ. ಸಂಬಳ ಬರುವುದು ತಿಂಗಳ ಕೊನೆಗೆ, ಅಡ್ವಾನ್ಸ್ ಕೊಡಬೇಕಾದ್ದು ಇವತ್ತು ಸಂಜೆಗೆ. ಹಾಗಾಗಿ ಬೆಂಗಳೂರಿಗೆ ನಿಮಗಿಂತ ಮುಂಚೆ ನಿಮ್ಮಪ್ಪನ ಎಫ್‌ಡಿ ಬಂದಿಳಿಯುತ್ತದೆ.

ಪದವೀಧರ: ಇದಕ್ಕೆಲ್ಲ ಕಾನೂನು ಇಲ್ಲವಾ?

ಬೋರ್ಡು: ಯಾಕಿಲ್ಲ? ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಎನ್ನುತ್ತದೆ ಅದು. ಆದರೆ ಅದನ್ನು ಒಪ್ಪಿ ಜಾರಿಗೆ ತರುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ನಮ್ಮ ಓನರ್ ಅದನ್ನು ಮಾದರಿ ಪ್ರಶ್ನೆಪತ್ರಿಕೆಯಂತೆ ನೋಡುತ್ತಾರೆ: ಚೆನ್ನಾಗಿದೆ, ಪರೀಕ್ಷೆಗೆ ಬರುವುದಿಲ್ಲ.

ಪದವೀಧರ: ಕರಾರು ಪತ್ರ ಹನ್ನೊಂದೇ ತಿಂಗಳಿಗೆ ಯಾಕೆ?

ಬೋರ್ಡು: ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಖರ್ಚು, ಓಡಾಟ ಯಾರಿಗೆ ಬೇಕು? ಅದಕ್ಕೇ ನಮ್ಮ ಪಂಚಾಂಗದಲ್ಲಿ ವರ್ಷಕ್ಕೆ 11 ತಿಂಗಳು. ಅದು ಮುಗಿದ ಮಾರನೆಯ ದಿನ ಯುಗಾದಿ, ಬಾಡಿಗೆ ಏರುತ್ತದೆ.

ಪದವೀಧರ: ಮನೆ ಬಿಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತದಲ್ಲ?

ಬೋರ್ಡು: ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಹಿಡಿಯುತ್ತಾರೆ. ಒಳಗೆ ಬಣ್ಣ ಬಳಿಯುತ್ತಾರೋ ಇಲ್ಲವೋ ನನಗೆ ಕಾಣುವುದಿಲ್ಲ, ನನ್ನ ಮುಖ ಬೀದಿಗಿದೆ. ನನಗಂತೂ ಇವತ್ತಿನವರೆಗೆ ಯಾರೂ ಬಳಿದಿಲ್ಲ.

ಪದವೀಧರ: ‘24 ಗಂಟೆ ನೀರು’ ಎಂದೂ ಬರೆದಿದೆಯಲ್ಲ?

ಬೋರ್ಡು: ಎಷ್ಟು ದಿನಕ್ಕೊಮ್ಮೆ ಎಂದು ಬರೆಯಲು ತಗಡು ಸಾಲಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ತಂದು ಕುಡಿಯುವ ಊರಿದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಿಜ. ಆದರೂ ಬಾಡಿಗೆ ಕೇಳುವ ಮುಂಚೆ ನೀರು ಯಾವುದು ಅಂತ ಕೇಳಿ: ಕಾವೇರಿಯೋ, ಬೋರೋ, ಟ್ಯಾಂಕರೋ?

ಪದವೀಧರ: ‘ಮೆಟ್ರೊಗೆ ಐದೇ ನಿಮಿಷ’ ಅನ್ನುವುದಾದರೂ ನಿಜವಾ?

ಬೋರ್ಡು: ಅದು ನಿಜ. ಹಳದಿ ಮಾರ್ಗದ ಕಂಬ ಎದ್ದಾಗಲೇ ಓನರ್ ಬಾಡಿಗೆ ಏರಿಸಿದರು. ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಆ ಖುಷಿಗೆ ಇನ್ನೊಮ್ಮೆ ಏರಿಸಿದರು. ನಿಮ್ಮ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ ಅದು ವರ. ಹೊರವರ್ತುಲ ರಸ್ತೆಯ ಯಾವುದೋ ಟೆಕ್‌ಪಾರ್ಕಿನಲ್ಲಿದ್ದರೆ, ಸಿಗ್ನಲ್‌ನಲ್ಲಿ ನಿಂತು ತಲೆಯೆತ್ತಿ ನೋಡಲು ಒಂದು ರೈಲು ಇದೆ, ಅಷ್ಟೇ.

ಪದವೀಧರ: ಈ ಟ್ರಾಫಿಕ್ಕಿಗೆ ಹೆದರಿಯೇ ಪುಣೆಗೆ ಹೋಗೋಣ ಅಂತಿದ್ದೆ.

ಬೋರ್ಡು: 2024ರ ಟಾಮ್‌ಟಾಮ್ ಲೆಕ್ಕದಲ್ಲಿ ನಗರದೊಳಗೆ 10 ಕಿ.ಮೀ. ದಾಟಲು ಬೆಂಗಳೂರಿನಲ್ಲಿ ಸರಾಸರಿ 34 ನಿಮಿಷ, ಪುಣೆಯಲ್ಲಿ 33. ಒಂದು ನಿಮಿಷ ಉಳಿಸಲು ಯಾರಾದರೂ ರಾಜ್ಯ ದಾಟುತ್ತಾರಾ? ಅಲ್ಲಿ ನನ್ನ ದಾಯಾದಿಯೊಬ್ಬ ‘ಕಾಟ್ ಬೇಸಿಸ್’ ಎಂದು ಬರೆಸಿಕೊಂಡು ನಿಂತಿದ್ದಾನೆ. ಮನೆಯಲ್ಲ, ಕೋಣೆಯೂ ಅಲ್ಲ, ಬಾಡಿಗೆಗಿರುವುದು ಬರೀ ಮಂಚ. ಹೈದರಾಬಾದಿನವನು ಎರಡು ತಿಂಗಳ ಅಡ್ವಾನ್ಸ್‌ಗೇ ಬಾಗಿಲು ತೆಗೆಯುತ್ತಾನೆ. ನಮ್ಮ ಓನರ್ ಅವನ ಹೆಸರೆತ್ತಲು ಬಿಡುವುದಿಲ್ಲ.

ಪದವೀಧರ: ಮೈಸೂರು, ಹುಬ್ಬಳ್ಳಿ, ಮಂಗಳೂರು?

ಬೋರ್ಡು: ಕಂಪನಿಗಳೇ ಅಲ್ಲಿಗೆ ಹೋಗಿ ಅಂತ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಯೋಜನೆ ಮಾಡಿದೆ. ಅದರ ಬ್ಯಾನರನ್ನು ನಾನು ಬೆಂಗಳೂರಿನಲ್ಲೇ ನೋಡಿದೆ. ಹಾಗಂತ ಅಲ್ಲಿಯ ಆಫರ್ ಬಂದರೆ ನಗಬೇಡಿ. ಕೈಗೆ 22,000 ಬಂದು ಬಾಡಿಗೆ 7,000 ಆದರೆ ಉಳಿಯುವುದು 15,000. ಇಲ್ಲಿ ಇಪ್ಪತ್ತೈದರಲ್ಲಿ ಹದಿನೈದು ನನಗೇ ಹೋದರೆ ಉಳಿಯುವುದು 10,000. ಬಿ.ಕಾಂ. ಓದಿದವರಿಗೆ ಈ ಕಳೆಯುವ ಲೆಕ್ಕ ನಾನು ಹೇಳಿಕೊಡಬೇಕಾ?

ಪದವೀಧರ: ಹಾಗಾದರೆ ಇಷ್ಟೊಂದು ಜನ ಇಲ್ಲಿಗೇ ಯಾಕೆ ಬರುತ್ತಾರೆ? ಎಲ್ಲರೂ ದಡ್ಡರಾ?

ಬೋರ್ಡು: ಅಲ್ಲ. ಸಣ್ಣ ಊರಿನಲ್ಲೂ ಮೊದಲ ಕೆಲಸ ಸಿಗುತ್ತದೆ. ಅದು ಹೋದರೆ ಎರಡನೆಯದಕ್ಕೆ ಗಂಟುಮೂಟೆ ಕಟ್ಟಬೇಕು. ಇಲ್ಲಿ ಎರಡನೆಯ ಕೆಲಸ ಎದುರಿನ ಬಿಲ್ಡಿಂಗಿನಲ್ಲಿರುತ್ತದೆ. ದೊಡ್ಡ ಊರು ಮಾರುವ ಸರಕು ಅದೊಂದೇ. ನನ್ನ ಮೇಲೆ ಬರೆದ ಬಾಡಿಗೆಯಲ್ಲಿ ಆ ಎರಡನೆಯ ಕೆಲಸದ ಬೆಲೆಯೂ ಸೇರಿದೆ. ಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂರುವವರು ಅದನ್ನು ಕಟ್ಟುವುದು ದಂಡ.

ಪದವೀಧರ: ಕೊನೆಗೆ ನನಗೇನು ಹೇಳುತ್ತೀರಿ?

ಬೋರ್ಡು: ಮೊದಲ ಆರು ತಿಂಗಳು ಪಿಜಿಯಲ್ಲಿರಿ. ಪ್ರೊಬೇಷನ್ ಮುಗಿಯದೆ ಅಪ್ಪನ ಎಫ್‌ಡಿ ಮುರಿಸಬೇಡಿ. ಊರಿನ ಹೆಸರು ಆಮೇಲೆ ನೋಡಿ, ಆಫೀಸು ಯಾವ ರಸ್ತೆಯಲ್ಲಿದೆ ಅಂತ ಮೊದಲು ನೋಡಿ. ಕೈಗೆ ಬರುವ ಸಂಬಳ ಎಷ್ಟು, ಅದರಲ್ಲಿ ಬಾಡಿಗೆ ಎಷ್ಟು, ಬಾಗಿಲಿನಿಂದ ಬಾಗಿಲಿಗೆ ದಿನಕ್ಕೆ ಎಷ್ಟು ಹೊತ್ತು: ಈ ಮೂರು ಅಂಕಿ ಗೊತ್ತಿಲ್ಲದೆ ಯಾವ ಊರಿನ ಆಫರ್‌ಗೂ ಸಹಿ ಹಾಕಬೇಡಿ.