ಮಲ್ಲು ಆದಿಲ್‌ಶಾಹನ ಒಂದು ಬೆಳೆ: ಅಲ್ಪಾಳ್ವಿಕೆಯ ಶ್ರೇಷ್ಠತೆಯನ್ನು ಕುರಿತ ಪ್ರಬಂಧ

ಇತಿಹಾಸಕಾರರು ಅರಸರನ್ನು ವರ್ಷಗಳಲ್ಲಿ ಅಳೆಯುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರೈತರು ಕಾಲವನ್ನು ಬೆಳೆಯಲ್ಲಿ ಅಳೆಯುತ್ತಾರೆ. ಎರಡನೆಯದೇ ಹೆಚ್ಚು ಶಾಸ್ತ್ರೀಯವೆಂಬುದು ಈ ಪ್ರಬಂಧದ ಪ್ರತಿಜ್ಞೆ. ಹಿಂಗಾರಿ ಬಿಳಿಜೋಳ ಬಿತ್ತಿ ರಾಶಿ ಮಾಡಲು ಸುಮಾರು ನಾಲ್ಕು ತಿಂಗಳು ಬೇಕು. ರೋಮಿನ ಚಕ್ರವರ್ತಿ ಓಥೋ ಕ್ರಿ.ಶ. 69ರ ಜನವರಿ 15ರಂದು ಪಟ್ಟವೇರಿ, ಏಪ್ರಿಲ್ 16ರಂದು ತನ್ನನ್ನು ತಾನೇ ಇರಿದುಕೊಂಡು ಸತ್ತ. ಅಂದರೆ ತೆನೆ ಹಾಲುಗಾಳಾಗಿ, ಸೀತನಿ ಸುಟ್ಟು ತಿನ್ನುವಷ್ಟರಲ್ಲಿ ಸಾಮ್ರಾಜ್ಯವೇ ಕೈಬಿಟ್ಟಿತು. ವಿಜಯಪುರದ ಮಲ್ಲು ಆದಿಲ್‌ಶಾಹ ತಂದೆ ಇಸ್ಮಾಯಿಲ್ ತೀರಿಕೊಂಡ ಮೇಲೆ 1534ರಲ್ಲಿ ಗದ್ದುಗೆಗೆ ಬಂದು ಆರು ತಿಂಗಳು ಚಿಲ್ಲರೆ ಆಳಿದ. ರಾಶಿ ತೂರಿ, ಕಣಿಕೆಯ ಬಣವಿ ಒಟ್ಟಿದರೂ ಇನ್ನೆರಡು ತಿಂಗಳು ಮಿಗುತ್ತದೆ. ಆದಕಾರಣ ಆತ ಓಥೋಗಿಂತ ಅಖಂಡ ಒಂದು ಬೆಳೆ ದೊಡ್ಡ ಅರಸ.

ಹಾಗೆಂದು ಹೆಚ್ಚು ಬೆಳೆ ತೆಗೆದವನು ಹೆಚ್ಚು ದೊಡ್ಡವನೆಂದು ತಿಳಿಯಬಾರದು. ಒಂದು ಬೆಳೆಯೇ ಪ್ರಭುತ್ವದ ಪರಮಾವಧಿ. ಮಲ್ಲುವಿನ ಮನೆತನದ ಎರಡನೆಯ ಆಲಿ 1656ರಿಂದ 1672ರವರೆಗೆ ಆಳಿಯೂ ತನ್ನ ಗೋರಿಯ ಬಾರಾ ಕಮಾನನ್ನು ಅರ್ಧಕ್ಕೇ ಬಿಟ್ಟು ಹೋದ. ವಿಜಯನಗರದ ಅಳಿಯ ರಾಮರಾಯ ಎರಡು ದಶಕಕ್ಕೂ ಮಿಕ್ಕಿ ಅಧಿಕಾರ ಹಿಡಿದು ಕೂತ ಫಲ 1565ರ ರಕ್ಕಸಗಿ-ತಂಗಡಗಿ ಕದನ. ಅದಕ್ಕೆ ಹೆಸರು ಕೊಡಬೇಕಾದ ಕರ್ಮ ಮುದ್ದೇಬಿಹಾಳ ತಾಲೂಕಿನ ಹಳ್ಳಿಗಳ ತಲೆಗೆ ಬಂತು. ಅಲ್ಪಾಳ್ವಿಕೆಗೆ ಪೂರ್ವನಿದರ್ಶನವೂ ಇದೆ. ಈಗ ಇಂಡಿ ಸೀಮೆಯ ಹಳ್ಳಿಯಾಗಿರುವ ತದ್ದೇವಾಡಿ ಒಂದು ಕಾಲಕ್ಕೆ ತರ್ದವಾಡಿ ಸಾಸಿರ ನಾಡಿನ ಕೇಂದ್ರ. ಅದನ್ನಾಳಿ ಮೇಲೇರಿದ ಕಳಚುರಿ ಬಿಜ್ಜಳನ ಮಗ ಮಲ್ಲುಗಿ 1176ರ ಸುಮಾರಿಗೆ ಅಲ್ಪಕಾಲ ಆಳಿದ. ತಮ್ಮ ಸಂಕಮ ಅವನ ಜಾಗಕ್ಕೆ ಬಂದ. ಮಲ್ಲುಗಿಯಿಂದ ನಾಡಿಗೇನು ಕೇಡಾಯಿತೆಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಪೂರ್ವಪಕ್ಷ: ಮಲ್ಲು ದುರ್ವ್ಯಸನಿಯೆಂದು ಚರಿತ್ರೆಕಾರ ಫೆರಿಶ್ತಾ ಬರೆದಿದ್ದಾನಲ್ಲ? ಬರೆದದ್ದು ನಿಜ; ಎಲ್ಲಿ ಕೂತು ಬರೆದನೆಂಬುದನ್ನೂ ನೋಡಬೇಕು. ಮಲ್ಲುವಿನ ಬಳಿಕ ಗದ್ದುಗೆ ಸಿಕ್ಕಿದ್ದು ತಮ್ಮ ಇಬ್ರಾಹಿಮನಿಗೆ. ಫೆರಿಶ್ತಾನಿಗೆ ಆಶ್ರಯ ಕೊಟ್ಟವನು ಆ ಇಬ್ರಾಹಿಮನ ಮೊಮ್ಮಗ, ಎರಡನೆಯ ಇಬ್ರಾಹಿಂ. ಮೊಮ್ಮಗನ ಅನ್ನ ಉಂಡವನು ಅಜ್ಜನ ಎದುರಾಳಿಯನ್ನು ಹೊಗಳುವುದುಂಟೇ? ಮತ್ತೊಂದು ಆಕ್ಷೇಪ: ಮಲ್ಲು ತಾನಾಗಿ ಇಳಿಯಲಿಲ್ಲ, ಅಜ್ಜಿ ಪುಂಜಿ ಖಾತೂನ್ ಇಳಿಸಿದಳು. ಇದೂ ನಿಜ. ಆದರೆ ರೋಮಿನಲ್ಲಿ ಅರಮನೆಯ ಕಾವಲುಪಡೆಯೇ 193ರಲ್ಲಿ, 87 ದಿನ ಆಳಿದ ಪರ್ಟಿನಾಕ್ಸನನ್ನು ಕೊಂದು ಸಿಂಹಾಸನವನ್ನು ಹರಾಜಿಗಿಟ್ಟಿತು. ಕೊಂಡ ಡಿಡಿಯಸ್ ಜೂಲಿಯಾನಸ್ 66 ದಿನ ಬಾಳಿದ. ನಮ್ಮಲ್ಲಿ ಹರಾಜಿಲ್ಲದೆ, ಮನೆಯ ಹಿರಿಯಳ ಮಾತಿನಲ್ಲೇ ಕೆಲಸವಾಯಿತು.

ಸಿದ್ಧಾಂತಕ್ಕೆ ಉತ್ತರ ಸಿಗದ ಆಕ್ಷೇಪ ಒಂದೇ: ಇಳಿಸಿದ ಮೇಲೆ ಅವನ ಕಣ್ಣು ಕೀಳಿಸಿದರು. ಆ ಕ್ರೌರ್ಯವನ್ನು ಯಾವ ಶಾಸ್ತ್ರವೂ ಸಮರ್ಥಿಸದು. ಅದೃಷ್ಟವಶಾತ್, ಕಣ್ಣು ಉಳಿಸಿ ಮನೆಗೆ ಕಳಿಸುವ ಏರ್ಪಾಡು ಈಗ ಮೊದಲಲ್ಲಿ ಹೆಸರಿಸಿದ ನಾಲ್ಕೂ ಸೀಮೆಗಳ ವಿಧಾನಸಭಾ ಕ್ಷೇತ್ರಗಳಲ್ಲಿದೆ. ದೋಷವೆಂದರೆ ಅದರ ಅವಧಿ ಐದು ವರ್ಷ, ಅಂದರೆ ಐದು ಹಿಂಗಾರಿ. ಶಾಸ್ತ್ರಪ್ರಕಾರ ನಾಲ್ಕು ಬೆಳೆ ಜಾಸ್ತಿಯಾಯಿತು.