ದಣಪೆಯ ಹತ್ತಿರ ಎರಡು ಕಡ್ಡಿ

ನಮ್ಮ ಮನೆಗೂ ಆಚೆಮನೆಗೂ ನಡುವಿನ ಬೇಲಿಯಲ್ಲಿ ಒಂದು ದಣಪೆ ಇದೆ. ಅಲ್ಲಿ ನಿಂತರೆ ಮೊಬೈಲಿಗೆ ಎರಡು ಕಡ್ಡಿ ನೆಟ್‌ವರ್ಕ್. ಮನೆಯ ಹತ್ತಿರ ಬೇರೆಲ್ಲೂ ಇಲ್ಲ. ಹಾಗಾಗಿ ಸಂಜೆಯಾದರೆ ನಾನು ಈಚೆ, ಆಚೆಮನೆ ಅಕ್ಕ ಆಚೆ. ಅಕ್ಕನಿಗೆ ಬೆಂಗಳೂರಿನಿಂದ ಮಗನ ಫೋನು ಬರಬೇಕು, ನನಗೆ ಅಡಿಕೆ ಧಾರಣೆ. ಫೋನು ಹತ್ತದಿದ್ದರೆ ಹರಟೆ ಹತ್ತಿಕೊಳ್ಳುತ್ತದೆ.

“ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯ್ತು, ಕರೆಂಟು ಫ್ರೀ ಆಯ್ತು. ಈಗ ಹೈಸ್ಪೀಡ್ ಇಂಟರ್‌ನೆಟ್ಟೂ ಎಲ್ಲರಿಗೂ ಫ್ರೀ ಕೊಡಬೇಕು ಅಂತಾರಲ್ಲ, ಏನಂತೀರಿ ಅಕ್ಕಾ?”

“ನಮ್ಮೂರಿಗೆ ಬರೋದೇ ಎರಡು ಬಸ್ಸು, ಎರಡೂ ಪ್ರೈವೇಟು. ಆಧಾರ್ ಕಾರ್ಡು ಯಾರಿಗೆ ತೋರಿಸ್ಲಿ ಮಾರಾಯ?”

ಮಾತು ಕಟ್ಟಿಹೋಯಿತು. ಸೋಲೊಪ್ಪದೆ ಫಿನ್‌ಲೆಂಡಿಗೆ ಹೋದೆ. 2010ರ ಜುಲೈಯಲ್ಲಿ ಅಲ್ಲಿ 1 ಎಂಬಿಪಿಎಸ್ ಸಂಪರ್ಕ ಪಡೆಯುವುದು ಪ್ರತಿಯೊಬ್ಬರ ಕಾನೂನುಬದ್ಧ ಹಕ್ಕಾಯಿತು. ಪುಕ್ಕಟೆ ಅಲ್ಲ, ಆದರೆ ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ.

“ಜಾಣರು. ಮೊದಲು ಬಾಗಿಲಿಗೆ ತಂದುಕೊಟ್ಟು ಆಮೇಲೆ ಬಿಲ್ಲು ಕೇಳ್ತಾರೆ. ನಾವು ಮೊದಲು ರೀಚಾರ್ಜ್ ಮಾಡಿ ಆಮೇಲೆ ಗುಡ್ಡ ಹತ್ತೋದು.”

ಕೇರಳದ್ದೂ ಹೇಳಿದೆ. 2023ರ ಜೂನ್‌ನಲ್ಲಿ ಶುರುವಾದ ಸರ್ಕಾರಿ ಇಂಟರ್‌ನೆಟ್ ಯೋಜನೆ ಕೆ-ಫೋನ್‌ನಲ್ಲಿ ಬಡ ಕುಟುಂಬಗಳಿಗೆ ಪುಕ್ಕಟೆ, ಗುರಿ 20 ಲಕ್ಷ ಮನೆ. ಉಳಿದವರು ದುಡ್ಡು ಕೊಡಬೇಕು. ಅಕ್ಕನಿಗೆ ಇದು ಹಿಡಿಸಿತು, ರೇಷನ್ ಕಾರ್ಡಿನ ಲೆಕ್ಕ. ಫೇಸ್‌ಬುಕ್ಕಿನವರು ತಾವು ಆರಿಸಿದ ಕೆಲವೇ ತಾಣಗಳನ್ನು ಬಿಟ್ಟಿ ಕೊಡಲು ಬಂದಿದ್ದು, 2016ರಲ್ಲಿ ದೂರಸಂಪರ್ಕ ಪ್ರಾಧಿಕಾರ ಟ್ರಾಯ್ ಅದಕ್ಕೆ ತಡೆ ಹಾಕಿದ್ದು ಕೇಳಿ ನಕ್ಕರು. “ಊಟಕ್ಕೆ ಕರೆದು ಉಪ್ಪಿನಕಾಯಿ ಮಾತ್ರ ಬಡಿಸಿದ್ರು ಅನ್ನು.”

ಹೈಸ್ಪೀಡ್ ಯಾಕೆ, ಧಾರಣೆ ನೋಡಲು ಎರಡು ಕಡ್ಡಿ ಸಾಕಲ್ಲ ಎಂದು ನಾನೇ ತೆಗೆದೆ. ತೆಗೆಯಬಾರದಿತ್ತು. ಲಾಕ್‌ಡೌನಿನಲ್ಲಿ ಅಕ್ಕನ ಮೊಮ್ಮಗಳು ಸೊಪ್ಪಿನ ಬೆಟ್ಟದ ಮೇಲೆ ಕೊಡೆ ಹಿಡಿದು ಕೂತು ಪಾಠ ಕೇಳಿದವಳು. “ಮೇಷ್ಟ್ರು ಬಾಯಿ ತೆರೆದರು ನೋಡು, ಪೀರಿಯಡ್ ಮುಗಿದರೂ ಮುಚ್ಚಲಿಲ್ಲ. ಬೆಟ್ಟದ ಉಂಬಳ ಅವರಿಗಿಂತ ಸ್ಪೀಡಾಗಿತ್ತು.”

ಎಲ್ಲ ಪುಕ್ಕಟೆಯಾದರೆ ಜನ ಮೈಗಳ್ಳರಾಗುತ್ತಾರೆ ಎನ್ನುವ ಪಂಗಡದವನು ನಾನು. (ತೋಟಕ್ಕೆ ಪುಕ್ಕಟೆ ಕರೆಂಟು ಬಂದಾಗ ಈ ತತ್ತ್ವ ನೆನಪಾಗುವುದಿಲ್ಲ.) ಆದರೆ ಈಗ ಪಹಣಿ ನೆಟ್ಟಿನಲ್ಲಿ, ಪರೀಕ್ಷೆಯ ಅರ್ಜಿ ನೆಟ್ಟಿನಲ್ಲಿ, ಅಕ್ಕಿಗೆ ಹೆಬ್ಬೆಟ್ಟೊತ್ತಿದರೆ “ಸರ್ವರ್ ಇಲ್ಲ, ನಾಳೆ ಬನ್ನಿ.” ತಾಲ್ಲೂಕು ಕಚೇರಿಯ ಬಾಗಿಲು ದಾಟುವುದಕ್ಕೆ ಯಾರೂ ಟಿಕೆಟ್ ಇಟ್ಟಿಲ್ಲ. ಕಚೇರಿಯನ್ನೇ ಫೋನಿನೊಳಗೆ ಇಟ್ಟ ಮೇಲೆ ಆ ಬಾಗಿಲಿಗೆ ತಿಂಗಳ ಬಾಡಿಗೆ ಯಾಕೆ? ಅಷ್ಟು ಮಾತ್ರ ಪುಕ್ಕಟೆ ಇರಲಿ. ಸಿನಿಮಾ ನೋಡುವವರು ದುಡ್ಡು ಕೊಡಲಿ.

“ಮಲೆನಾಡಿನ ಹಳ್ಳಿಯವರು ನೆಟ್‌ವರ್ಕ್ ಇಲ್ಲದಿದ್ರೆ ಓಟೂ ಇಲ್ಲ ಅಂತ ಬೋರ್ಡು ಹಾಕಿದ್ದು ನೆನಪಿದ್ಯಾ? ಅವರು ಫ್ರೀ ಕೇಳಿರಲಿಲ್ಲ,” ಅಂದರು ಅಕ್ಕ.

ಅಷ್ಟರಲ್ಲಿ ಕರೆಂಟು ಹೋಯಿತು. ಟವರಿಗೆ ಡೀಸೆಲ್ ಹಾಕುವವರಿಲ್ಲ. ಎರಡೂ ಕಡ್ಡಿ ಮಾಯ.

“ಮಗನ ಫೋನು?”

“ಅವನಿಗೇನು, ಬೆಂಗಳೂರಲ್ಲಿ ಬೇಕಾದಷ್ಟು ನೆಟ್ ಇದೆ. ಮಾಡ್ತಾನೇ ಇರ್ತಾನೆ ಪಾಪ,” ಎನ್ನುತ್ತ ಅಕ್ಕ ಸೆರಗಿಗೆ ಫೋನು ಸುತ್ತಿಕೊಂಡು, ಹಲಸಿನ ಹಪ್ಪಳ ಎತ್ತಲು ಅಂಗಳಕ್ಕೆ ಓಡಿದರು.