ರಾಜಕಾಲುವೆಯ ಸೆನ್ಸರ್‌ಗೆ ಒಂದು ಬಹಿರಂಗ ಪತ್ರ

ಇಂದ: ತಗ್ಗಿನ ಮನೆಯ ನಿವಾಸಿ, ಬೆಂಗಳೂರು

ಗೆ: ಶ್ರೀಯುತ ನೀರಿನ ಮಟ್ಟದ ಸೆನ್ಸರ್ ಅವರಿಗೆ, ರಾಜಕಾಲುವೆ ಸೇತುವೆಯ ಕೆಳಗೆ

ವಿಷಯ: ತಮ್ಮ ಮಾತನ್ನು ಯಾರೂ ಕೇಳದಿರುವ ಬಗ್ಗೆ ಸಂತಾಪ

ಉಲ್ಲೇಖ: ಕಳೆದ ಮಳೆಯಲ್ಲಿ ತೇಲಿಹೋದ ನಮ್ಮ ಗ್ಯಾಸ್ ಸಿಲಿಂಡರ್

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡುವುದೇನೆಂದರೆ, ಈ ಊರಿನಲ್ಲಿ ರಾತ್ರಿ ಎರಡು ಗಂಟೆಗೂ ಜಾಗ ಬಿಡದೆ ದುಡಿಯುವವರು ತಾವೊಬ್ಬರೇ. ರಜೆಯಿಲ್ಲ, ಟಿಎ–ಡಿಎ ಇಲ್ಲ, ವರ್ಗಾವಣೆಗೆ ಯಾರ ಕಾಲೂ ಹಿಡಿದವರಲ್ಲ. ನೀರಿಗೆ ಶಬ್ದದ ಅಲೆ ಬಿಟ್ಟು, ಅದು ತಿರುಗಿ ಬರುವ ಹೊತ್ತಿನಿಂದ ಮಟ್ಟ ಲೆಕ್ಕಹಾಕಿ, ಕೂಡಲೇ ವರದಿ ಒಪ್ಪಿಸುತ್ತೀರಿ. ಕಳೆದ ಮಳೆಯಲ್ಲೂ ಒಪ್ಪಿಸಿದಿರಿ. ಎಚ್ಚರಿಕೆಯ ಮೆಸೇಜು ನನಗೆ ತಲುಪಿದಾಗ ನಾನು ಮಂಚದ ಮೇಲೆ ನಿಂತಿದ್ದೆ, ಮಂಚ ನೀರಿನಲ್ಲಿ ನಿಂತಿತ್ತು. ತಪ್ಪು ತಮ್ಮದಲ್ಲ. ವರದಿ ಮೇಜಿನಿಂದ ಮೇಜಿಗೆ ಹೋಗಬೇಕು. ನೀರಿಗೆ ಯಾರ ಸಹಿಯೂ ಬೇಡ. ಮೇಲಾಗಿ ತಮಗೆ ನೀರಿನ ಎತ್ತರ ಅಳೆಯಲಷ್ಟೇ ಆದೇಶ. ಹೂಳಿನ ಎತ್ತರ, ಒತ್ತುವರಿಯ ಅಗಲ ತಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಈ ನಡುವೆ ನಮ್ಮ ಬಡಾವಣೆಯ ಸಭೆಯಲ್ಲಿ ಒಬ್ಬರು ಪಿಪಿಟಿ ತೋರಿಸಿದರು. ಗಾಳಿ, ತೇವ ಅಳೆಯಲು ತಮ್ಮ ಸೆನ್ಸರ್ ಬಂಧುಬಳಗವನ್ನೆಲ್ಲ ನೇಮಿಸಿ, ದೇವನಹಳ್ಳಿ ಕಡೆ ಬಲೆ ಕಟ್ಟಿ, ವಿಮಾನ ತಡೆಯುವ ಮಂಜನ್ನೇ ಹಿಂಡಿ ಕುಡಿಯಬೇಕಂತೆ. ಮಂಜು ಬರುವುದು ಧನುರ್ಮಾಸದಲ್ಲಿ, ನಮಗೆ ಬಾಯಾರುವುದು ಶಿವರಾತ್ರಿ ಕಳೆದ ಮೇಲೆ. ಅದು ಪಿಪಿಟಿಯಲ್ಲಿ ಇರಲಿಲ್ಲ.

ಮಂಜು ಹಿಡಿಯುವುದು ಸುಳ್ಳೇನಲ್ಲ. ಚಿಲಿ ದೇಶದ ಚುಂಗುಂಗೊ ಮೀನುಗಾರರ ಹಳ್ಳಿ, ಮಳೆ ಅಲ್ಲಿ ಅಪರೂಪ. ಪಕ್ಕದ ಎಲ್ ಟೋಫೋ ಬೆಟ್ಟದ ಮೇಲೆ ನೂರರಷ್ಟು ಬಲೆ ಕಟ್ಟಿ, 1992ರಿಂದ ದಿನಕ್ಕೆ ಸರಾಸರಿ 15,000 ಲೀಟರ್ ನೀರು ಇಳಿಸಿಕೊಂಡರು. ಹತ್ತು ವರ್ಷದ ಸುಮಾರಿಗೆ ಹರಿದ ಬಲೆ ಸರಿಮಾಡುವವರಿಲ್ಲದೆ ಹಳ್ಳಿ ಮತ್ತೆ ಟ್ಯಾಂಕರಿನ ಹಿಂದೆ ನಿಂತಿತು. ಮಂಜು ಮಾತ್ರ ಬರುವುದು ಬಿಟ್ಟಿಲ್ಲ.

ಈಗ ನಮ್ಮ ಲೆಕ್ಕ. 2022ರ ಸೆಪ್ಟೆಂಬರ್ 4–5ರಂದು ಬೆಂಗಳೂರಿನಲ್ಲಿ 131 ಮಿ.ಮೀ. ಮಳೆ, ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅಷ್ಟು ಮಳೆ ಒಂದು 30x40 ಸೈಟಿನ ಮೇಲೆ ಸುರಿದರೆ ಹದಿನಾಲ್ಕೂವರೆ ಸಾವಿರ ಲೀಟರ್! ಒಂದು ಹಳ್ಳಿ ನೂರು ಬಲೆ ಕಟ್ಟಿ ದಿನವಿಡೀ ಹಿಡಿದಷ್ಟು ನೀರು ನಮ್ಮ ಒಂದೊಂದು ಸೈಟಿಗೂ ತಾನಾಗಿ ಬಂದಿತ್ತು. ಮೋರಿ ತೋರಿಸಿ ಕಳಿಸಿದೆವು. 2024ರ ಬೇಸಿಗೆಯಲ್ಲಿ, ಸರ್ಕಾರವೇ ಹೇಳಿದಂತೆ, ನಗರದ 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು.

ತಾವು ಸತ್ಯವಂತರು, ತಮ್ಮ ಮುಂದೆ ಸುಳ್ಳಾಡಲಾರೆ. ಮಳೆನೀರು ಕೊಯ್ಲಿನ ಪೈಪು ನಮ್ಮ ಮನೆಯಲ್ಲೂ ಇದೆ. ಫಿಲ್ಟರ್ ತೊಳೆಯಲು ಬೇಜಾರಾಗಿ ಅದನ್ನು ಮೋರಿಗೆ ತಿರುಗಿಸಿದವನು ನಾನೇ. ಸಿಲಿಂಡರ್ ತೇಲಿಸಿದ ನೀರಿನಲ್ಲಿ ನನ್ನ ತಾರಸಿಯದೂ ಪಾಲಿತ್ತು. ನಾಳೆ ಪ್ಲಂಬರ್ ಬರುತ್ತಾನೆ. ಮುಂದಿನ ಮಳೆಗೆ ಪೈಪು ಸಂಪಿನತ್ತ ತಿರುಗಿರುತ್ತದೆ. ತಮ್ಮ ವರದಿಯಲ್ಲಿ ಅಷ್ಟನ್ನು ಕಳೆದು ಬರೆಯಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮಂಚದ ಮೇಲೆ ನಿಂತಿದ್ದವನು

ಪ್ರತಿ, ಮಾಹಿತಿ ಮತ್ತು ತುರ್ತು ಕ್ರಮಕ್ಕಾಗಿ: ಸ್ವಂತ ತಾರಸಿಯಿರುವ ಎಲ್ಲರಿಗೂ.